ಅವ್ವ ಕೋಟೆಕೆರೆಗೆ ಇಳಿದ ವರ್ಷ

ಹೋದ ಮಳೆಗಾಲದಲ್ಲಿ ಮದ್ದೂರಿನ ಬಸ್ ನಿಲ್ದಾಣದ ಹೊರಗೆ ಒಬ್ಬಾಕೆ ಮುಸುಕಿನ ಜೋಳ ಸುಡುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ನಾಲ್ಕು ಹನಿ ಉದುರಿ ಕೆಂಡದ ಮೇಲೆ ಬಿದ್ದವು. ಒದ್ದೆ ಇದ್ದಿಲಿನ ಹೊಗೆ ಎದ್ದು ಮೂಗಿಗೆ ಬಡಿಯಿತು. ನಾನು ನಡೆಯುವುದನ್ನು ಬಿಟ್ಟು ಅಲ್ಲೇ ನಿಂತುಬಿಟ್ಟೆ. ಜೊತೆಯಲ್ಲಿದ್ದ ಸೊಸೆ "ಕಾಲು ನೋಯ್ತಾ ಇದೆಯಾ ಅತ್ತೆ?" ಅಂದಳು. ಇಲ್ಲ ಅಂದೆ. ಆ ವಾಸನೆ ನನಗೆ ಜೋಳದ್ದಲ್ಲ, ಬಸ್ಸಿನದು. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ಕಡೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಅಂಥ ಒಂದು ಬಸ್ಸು ಹತ್ತಿ ನಾವು ಮಳವಳ್ಳಿ ಕಡೆಯ ಕೋಟೆಕೆರೆ ನೋಡಲು ಹೋದ ವರ್ಷವೇ ನಾನು ನಮ್ಮ ಅವ್ವನನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಅದಕ್ಕೂ ಮುಂಚೆ ಹನ್ನೊಂದು ವರ್ಷ ಅವಳ ಸೆರಗು ಹಿಡಿದುಕೊಂಡೇ ಓಡಾಡಿದ್ದೆ, ಆ ಮಾತು ಬೇರೆ.

ಆಗ ನಾವು ಮಂಡ್ಯದಲ್ಲಿದ್ದೆವು. ಅಪ್ಪ ಸಿದ್ದೇಗೌಡರು ನಿಡಘಟ್ಟದವರು, ಜಮೀನಿದ್ದ ಮನೆ. ನಾಲ್ಕಕ್ಷರ ಇಂಗ್ಲಿಷ್ ಓದಿ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಇಸ್ತ್ರಿ ಮಾಡಿದ ಕೋಟು, ಕರಿ ಟೋಪಿ, ಕೈಯಲ್ಲೊಂದು ಛತ್ರಿ. ಮಾತೂ ಇಸ್ತ್ರಿ ಮಾಡಿದಂತೆಯೇ ಇರಬೇಕು ಅನ್ನುವ ಆಸೆ, ಆದರೆ ಕೋಪ ಬಂದಾಗ ನಿಡಘಟ್ಟ ಹೊರಗೆ ಬಂದುಬಿಡುತ್ತಿತ್ತು. ಅವ್ವ ಮಾದಮ್ಮ ಆತಗೂರು ಕಡೆಯ ಒಂದು ಸಣ್ಣ ಹಳ್ಳಿಯವಳು. ಅವಳಪ್ಪ ಆ ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡಿ ನೀರು ಹಾಯಿಸುವುದು, ಏರಿಯಲ್ಲಿ ಏಡಿ ಬಿಲ ಕೊರೆದಿದೆಯೇ ಅಂತ ಕಾಯುವುದು ನೀರುಗಂಟಿಯ ಕೆಲಸ. ಊರಿಗೆಲ್ಲ ಬೇಕಾದ ಮನುಷ್ಯ, ಆದರೆ ಊಟಕ್ಕೆ ಕೂರಿಸುವಾಗ ಸಾಲಿನ ಕೊನೆಗೆ ಕೂರಿಸುವ ಮನುಷ್ಯ. ನಮ್ಮ ತಾತ, ಅಂದರೆ ಅಪ್ಪನ ಅಪ್ಪ, ಆ ಕೆರೆಯ ಕೆಳಗೆ ಒಂದು ತುಂಡು ಗದ್ದೆ ಮಾಡಿದ್ದಾಗ ಆ ನೀರುಗಂಟಿಯ ನ್ಯಾಯ ನೋಡಿ ಮೆಚ್ಚಿ, ಜಾತಿ ಒಂದೇ ಆದ್ದರಿಂದ, ಅವನ ಮಗಳನ್ನೇ ಸೊಸೆಯಾಗಿ ತಂದಿದ್ದ.

ಅಪ್ಪನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಕಾರ್ಖಾನೆಯ ಮನೆಗಳ ಸಾಲಿಗೆ ಬಂದ ಹೊಸದರಲ್ಲಿ ಪಕ್ಕದವರು ಯಾರೋ ಮಾವನ ಮನೆ ವಿಚಾರ ಕೇಳಿದಾಗ, "ನಮ್ಮ ಮಾವನೋರು ಆ ಊರ ಪಟೇಲರು" ಅಂದುಬಿಟ್ಟರು. ಆಡಿದ ಮಾತು ಬೀದಿಗೆಲ್ಲ ಹರಡಿತು. ಅವ್ವ ಅದನ್ನು ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ನೀರು ಕಾಯಿಸಿದಳು, ರಾಗಿ ಬೀಸಿದಳು, ನಮಗೆ ತಲೆ ಬಾಚಿದಳು. ಅವಳಪ್ಪ ತೀರಿಕೊಂಡು ಆಗ ಆರು ವರ್ಷವಾಗಿತ್ತು. ಅವನ ಹೆಸರು ನಮ್ಮ ಮನೆಯಲ್ಲಿ ಅಪರೂಪಕ್ಕೂ ಕೇಳುತ್ತಿರಲಿಲ್ಲ.

ನಮ್ಮ ಹಿಂದಿನ ಬೀದಿಯಲ್ಲಿ ಬಾಷಾ ಸಾಬರ ಮನೆ. ಅವರು ಬಸ್ಸು ರಿಪೇರಿ ಮಾಡುವ ಮೇಸ್ತ್ರಿ. ಅವರ ಹೆಂಡತಿ ಜೈನಬಿ ಅವ್ವನ ಗೆಳತಿ. ನಾವು ಮಕ್ಕಳು ಆಕೆಯನ್ನು ಜೈನಮ್ಮ ಅನ್ನುತ್ತಿದ್ದೆವು. ಆಕೆಗೆ ಮಕ್ಕಳಿರಲಿಲ್ಲ. ನನ್ನ ತಮ್ಮ ಪುಟ್ಟ, ನಾಲ್ಕು ವರ್ಷದವನು, ಹಗಲೆಲ್ಲ ಆಕೆಯ ಕಂಕುಳಲ್ಲೇ. ಜೈನಮ್ಮನಿಗೆ ಪಟೇಲರ ಮನೆ ಕಥೆ ಕೇಳುವುದೆಂದರೆ ಬಲು ಇಷ್ಟ. "ಅಕ್ಕ, ನಿಮ್ಮಪ್ಪನ ಮನೇಲಿ ಕುದ್ರೆ ಇತ್ತಾ?" ಅನ್ನುವರು. ಅವ್ವ ಅವರೆಕಾಯಿ ಸುಲಿಯುತ್ತಾ, "ಕುದ್ರೆ ಯಾಕೆ, ನಮ್ಮಪ್ಪ ನಡ್ಕಂಡೇ ಊರೆಲ್ಲ ಸುತ್ತೋನು ಕಣಮ್ಮ" ಅನ್ನುವಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ವರ್ಷದ ಮಳೆ ಹೇಗಿತ್ತೆಂದರೆ, ಶುರುವಿನಲ್ಲಿ ಆಟವಾಡಿಸಿ ಆಮೇಲೆ ಬಿಡದೆ ಹಿಡಿಯಿತು. ಉತ್ತರೆಗೆ ಹದವಾಗಿ ಬಂತು, ಹಸ್ತಕ್ಕೆ ಜೋರಾಯಿತು, ಚಿತ್ತೆ ಹೊತ್ತಿಗೆ ನಮ್ಮ ಬೀದಿಯ ಗೋಡೆಗಳೆಲ್ಲ ಹಸಿರು ಪಾಚಿ ಹಿಡಿದಿದ್ದವು. ಸೀಮೆಎಣ್ಣೆ ಅಳೆದು ಕೊಡುತ್ತಿದ್ದ ಕಾಲ. ನಾನು ಪರೀಕ್ಷೆಗೆ ಓದಬೇಕಾದ ವರ್ಷ, ಹಗಲಿನ ಮೋಡದ ಬೆಳಕಿನಲ್ಲೇ ಬಾಗಿಲ ಬಳಿ ಕೂತು ಓದುತ್ತಿದ್ದೆ. ದಸರಾ ರಜ ಬಂತು. ಬೀದಿಯವರೆಲ್ಲ ರೈಲು ಹತ್ತಿ ಮೈಸೂರಿಗೆ ಹೊರಟರು. ಅಪ್ಪನೂ ಒಂದು ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುತ್ತಾ, "ಈ ಸಲ ನಾವೂ ಒಂದಿನ ಎಲ್ಲಾದ್ರೂ ಹೋಗಣ. ಮೈಸೂರೇ ಆಗ್ಲಿ" ಅಂದರು.

ಒಲೆಯ ಮುಂದಿದ್ದ ಅವ್ವ ತಿರುಗದೆಯೇ, "ಕ್ವಾಟೆಕೆರೆಗೆ ಓಗಾನ" ಅಂದಳು.

ಅಪ್ಪನ ಕೈ ಗಲ್ಲದ ಮೇಲೆ ನಿಂತಿತು. ಮದುವೆಯಾದ ಇಷ್ಟು ವರ್ಷದಲ್ಲಿ ಅವ್ವ ಇಂಥದ್ದು ಬೇಕು ಅಂತ ಕೇಳಿದ್ದು ಅದೇ ಮೊದಲಿರಬೇಕು. "ಅಲ್ಲೇನೈತೆ? ಪಾಳೇಗಾರರ ಹಳೇ ಕೋಟೆ, ಹಾಳುಬಿದ್ದೈತೆ" ಅಂದರು.

"ನಮ್ಮಪ್ಪ ಅಲ್ಲಿ ತೂಬು ರಿಪೇರಿಗೆ ಓಗಿದ್ದ, ನಾನು ಸಣ್ಣೋಳಿದ್ದಾಗ. ಅಂಥಾ ತೂಬು ಈ ಸೀಮೇಲೇ ಇಲ್ಲ ಅಂತಿದ್ದ. ಒಂದ್ಸತಿ ಕರ್ಕೊಂಡೋಗಿ ತೋರುಸ್ತೀನಿ ಅಂದಿದ್ದ. ಆಗ್ನಿಲ್ಲ."

ಅಪ್ಪ ಮುಖ ಒರೆಸಿಕೊಂಡು ಕತ್ತಿ ಮಡಚಿಟ್ಟರು. ಆಮೇಲೆ, "ಬಾಷಾನ ಕೇಳ್ತೀನಿ. ಅವನು ಒಂದು ಬಸ್ಸು ರಿಪೇರಿ ಮಾಡಿ ಮಳವಳ್ಳಿ ತನಕ ಓಡಿಸಿ ನೋಡ್ಬೇಕು ಅಂತಿದ್ದ. ಅವ್ರೂ ಬರ್ಲಿ. ಆದ್ರೆ ಅಲ್ಲಿ ತೂಬಿನ ಮಾತು, ನಿಮ್ಮಪ್ಪನ ಮಾತು ತೆಗೀಬೇಡ" ಅಂದರು. ಅವ್ವ ತಲೆ ಆಡಿಸಿದಳು.

ಆಯುಧಪೂಜೆಯ ಮಾರನೇ ವಾರ, ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಹೊರಟೆವು. ಬಸ್ಸಿನ ಹಿಂಬದಿಗೆ ಆಳೆತ್ತರದ ಒಂದು ಕಬ್ಬಿಣದ ಉರುಳೆ ಕಟ್ಟಿತ್ತು. ಅದರೊಳಗೆ ಇದ್ದಿಲು ತುಂಬಿ, ಕೆಳಗೆ ಬೆಂಕಿ ಹಾಕಿ, ಒಂದು ತಿದಿಯ ಚಕ್ರವನ್ನು ಬಾಷಾ ಸಾಬರು ಅರ್ಧ ಗಂಟೆ ತಿರುಗಿಸಿದ ಮೇಲೆ ಬಸ್ಸು ಕೆಮ್ಮಿತು. ಇಡೀ ಬಸ್ಸಿಗೆ ನಾವು ಆರೇ ಜನ. ಜೈನಮ್ಮ ಮಂಡ್ಯ ದಾಟುವ ತನಕ ಬುರ್ಖಾ ಹಾಕಿಕೊಂಡಿದ್ದು, ಕಬ್ಬಿನ ಗದ್ದೆಗಳು ಶುರುವಾದ ಮೇಲೆ ತೆಗೆದು ಮಡಚಿ ಸೀಟಿನ ಮೇಲಿಟ್ಟರು. ಮದ್ದೂರಿನಲ್ಲಿ ತಿರುಗಿ ಮಳವಳ್ಳಿ ದಾರಿ ಹಿಡಿದೆವು. ದಾರಿಯ ಎರಡೂ ಕಡೆ ನಾಲೆ ನೀರಿನ ಭತ್ತ ಎದೆಯುದ್ದ ಬೆಳೆದು ನಿಂತಿತ್ತು. ಏರು ಬಂದ ಕಡೆಯಲ್ಲೆಲ್ಲ ಬಸ್ಸು ಉಸಿರು ಕಳೆದುಕೊಳ್ಳುತ್ತಿತ್ತು. ಆಗ ಎಲ್ಲರೂ ಇಳಿದು ನೂಕುವುದು, ಸಾಬರು ಉದ್ದನೆಯ ಸಲಾಕೆಯಿಂದ ಕೆಂಡ ಕೆದಕುವುದು. "ಎತ್ತಿನ ಗಾಡೀಲಿ ಬಂದಿದ್ರೆ ಇಷ್ಟೊತ್ಗೆ ಓಗಿ ವಾಪಸ್ ಬರಬೌದಿತ್ತು ಕಣ್ ಗೌಡ್ರೇ" ಅಂತ ಅವರೇ ನಗುತ್ತಿದ್ದರು. ಅಪ್ಪನ ಕೋಟಿಗೆ ಮಸಿಯಾಯಿತು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಚೆನ್ನಾಗಿ ನೂಕಿದಳು.

ದೊಡ್ಡ ರಸ್ತೆ ಬಿಟ್ಟು ಒಂದು ಗಾಡಿ ಜಾಡಿನಲ್ಲಿ ಎರಡು ಮೈಲಿ ಹೋದ ಮೇಲೆ ಕೋಟೆ ಕಂಡಿತು. ಅಪ್ಪ ಹೇಳಿದ ಹಾಗೆ ಹಾಳುಬಿದ್ದದ್ದು ನಿಜ, ಆದರೆ ನಾನು ಅಷ್ಟು ಚೆಲುವಾದ ಹಾಳನ್ನು ಆಮೇಲೆ ಎಲ್ಲೂ ನೋಡಲಿಲ್ಲ. ಕೆರೆ ಬಾಯಿಮಟ್ಟ ತುಂಬಿತ್ತು. ಕೋಟೆಯ ಮೂರು ಬತೇರಿಗಳು ನೀರಿನಿಂದಲೇ ನೇರವಾಗಿ ಎದ್ದು ನಿಂತಿದ್ದವು. ಒಂದೊಂದು ಕಲ್ಲೂ ಎಮ್ಮೆಯಷ್ಟು ದಪ್ಪ. ನಡುವೆ ಸುಣ್ಣವಿಲ್ಲ, ಗಾರೆಯಿಲ್ಲ, ಆದರೂ ಸಂದಿಯಲ್ಲಿ ನನ್ನ ಉಗುರು ಹೋಗುತ್ತಿರಲಿಲ್ಲ. ಬಾಗಿಲ ಕಮಾನಿನ ಮೇಲೆ ಒಂದು ಅತ್ತಿಗಿಡ ಹುಟ್ಟಿತ್ತು. ಒಳಗೆ ಅರಮನೆಯ ಜಗಲಿ, ಕುದುರೆ ಕಟ್ಟುವ ಕಲ್ಲುಗಳು, ದವಸ ತುಂಬಿಡುತ್ತಿದ್ದ ನೆಲದೊಳಗಿನ ಹಗೇವು. ಹಗೇವಿನ ಬಾಯಿಗೆ ಪುಟ್ಟ "ಕೂ" ಅಂದರೆ ಒಳಗಿನಿಂದ ದೊಡ್ಡ ಮನುಷ್ಯನ ದನಿಯಲ್ಲಿ "ಕೂ" ಅಂತ ಕೇಳುತ್ತಿತ್ತು. ಅರಮನೆಯ ಹಿಂದಿನ ಗೋಡೆಯಲ್ಲಿ ಕೆರೆಯ ಕಡೆಗೆ ಒಂದು ಕಲ್ಲಿನ ಕಿಟಕಿ. ಅದರಲ್ಲಿ ಕೂತರೆ ಕಾಲ ಕೆಳಗೇ ನೀರು. ಜೈನಮ್ಮ ಅಲ್ಲಿ ಕೂತು, "ಇದು ರಾಣೀದು ಕಿಟಕಿ. ಈವತ್ತು ನಾನೇ ರಾಣಿ" ಅಂದರು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಬತೇರಿಯಿಂದ ಬತೇರಿಗೆ ನಡೆಯುತ್ತಾ, ಕಲ್ಲುಗಳನ್ನು ಅಂಗೈಯಲ್ಲಿ ತಟ್ಟಿ ನೋಡುತ್ತಾ, "ಯಾವ ಎಂಜಿನಿಯರೂ ಇಲ್ಲ, ಏನೂ ಇಲ್ಲ, ಹೆಂಗೆ ಕಟ್ಟಿದ್ರು ನೋಡು" ಅಂತ ನನಗೆ ಹತ್ತು ಸಲ ಹೇಳಿದರು.

ಕಿಟಕಿಯ ಹತ್ತಿರ ಬುತ್ತಿ ಬಿಚ್ಚಿದೆವು. ನಮ್ಮದು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಜ್ಜಾಯ. ಅವರದು ಗೋಧಿ ರೊಟ್ಟಿ, ಬೇಯಿಸಿದ ಮೊಟ್ಟೆ, ಒಂದು ಡಬ್ಬಿಯಲ್ಲಿ ತುಪ್ಪದ ಶಾವಿಗೆ. ಎಲ್ಲ ಕಲೆಸಿ ಹಂಚಿಕೊಂಡು ತಿಂದೆವು. ಅವ್ವ ಮಾತ್ರ ತುತ್ತು ಬಾಯಿಗಿಡುತ್ತಾ ಕೆರೆಯನ್ನೇ ನೋಡುತ್ತಿದ್ದಳು. ಕೋಟೆಯ ಗೋಡೆ ಮುಗಿದಲ್ಲಿಂದ ಕೆರೆಯ ಏರಿ ಶುರುವಾಗುತ್ತಿತ್ತು. ಅಲ್ಲಿ, ಏರಿಯಿಂದ ಹತ್ತು ಮಾರು ದೂರಕ್ಕೆ, ನೀರಿನ ಮಧ್ಯೆ ಎರಡು ಕಲ್ಲುಗಂಬ, ಮೇಲೊಂದು ಅಡ್ಡಗಲ್ಲು. ಅದೇ ತೂಬು. ಅಡ್ಡಗಲ್ಲಿನ ತೂತಿನಿಂದ ಒಂದು ಮರದ ಗಳು ನೀರೊಳಗೆ ಇಳಿದಿತ್ತು. ಗಳುವಿನ ತುದಿಯಲ್ಲಿ ಬಿರಡೆ ಇರುತ್ತದೆ, ಅದು ಕೆರೆಯ ತಳದ ಕಂಡಿಯನ್ನು ಮುಚ್ಚಿರುತ್ತದೆ, ಗಳು ಎತ್ತಿದರೆ ನೀರು ಏರಿಯ ಕೆಳಗಿನ ಕಾಲುವೆಗೆ ಹೋಗುತ್ತದೆ ಅಂತ ಅವ್ವ ನನಗೆ ಮೆಲ್ಲಗೆ ಹೇಳಿಕೊಟ್ಟಳು. ಅಪ್ಪನ ಕಡೆ ಒಂದು ಕಣ್ಣಿಟ್ಟುಕೊಂಡೇ ಹೇಳಿದಳು.

ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಏರಿಯ ಮೇಲೆ ಜನ ಓಡುವುದು ಕಂಡಿತು. ತಮಟೆ ಬಡಿದ ಸದ್ದು. ನಾವೂ ಹೋದೆವು. ಹಿಂದಿನ ದಿನ ಮೇಲಿನ ಒಂದು ಸಣ್ಣ ಕೆರೆ ಒಡೆದು ಅದರ ನೀರೆಲ್ಲ ಇಲ್ಲಿಗೆ ಬಂದಿತ್ತಂತೆ. ಕೋಡಿ ಹರಿಯುತ್ತಿದ್ದರೂ ಸಾಲದಾಗಿತ್ತು. ಏರಿಯ ಕೆಳಬುಡದಲ್ಲಿ, ಕೈಯಗಲದ ಒಂದು ತೂತಿನಿಂದ ನೀರು ಚಿಮ್ಮುತ್ತಿತ್ತು. ಏರಿಯ ಕೆಳಗೇ ಊರು, ಹತ್ತಿರ ಹತ್ತಿರ ಐವತ್ತು ಮನೆ. ಹೆಂಗಸರು ಆಗಲೇ ದನಕರು ಬಿಚ್ಚಿ ದಿಬ್ಬದ ಕಡೆ ಹೊಡೆಯುತ್ತಿದ್ದರು.

ಅವ್ವ ಕೆಳಗಿಳಿದು ಹೋಗಿ ಆ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದಳು. ವಾಪಸ್ಸು ಬಂದಾಗ ಅವಳ ಮುಖ ಬೇರೆಯೇ ಆಗಿತ್ತು. "ಬಗ್ಗಡ ಬತ್ತಾ ಅದೆ. ತಿಳಿ ನೀರು ಬಂದ್ರೆ ಭಯ ಇಲ್ಲ. ಬಗ್ಗಡ ಬಂದ್ರೆ ಒಳಗೆ ಏರಿ ಮಣ್ಣು ಕರಗ್ತಾದೆ ಅಂತ. ಸಂಜೆ ತನಕ ತಡೆಯಾಕಿಲ್ಲ" ಅಂತ ಅಪ್ಪನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು.

ಊರಿನವರೂ ತೂಬು ಎತ್ತಿ ನೀರು ಇಳಿಸಲು ನೋಡುತ್ತಿದ್ದರು. ಆದರೆ ಆ ತೂಬನ್ನು ಎತ್ತಿ ವರ್ಷಗಳೇ ಆಗಿದ್ದವು. ನಾಲೆ ಬಂದ ಮೇಲೆ ಕೆರೆ ನೀರನ್ನು ಕೇಳುವವರಿರಲಿಲ್ಲ. ಹಳೆಯ ನೀರುಗಂಟಿ ಸತ್ತಿದ್ದ, ಅವನ ಮಗ ಯುದ್ಧದ ಪಟಾಲಮಿಗೆ ಸೇರಿ ಯಾವುದೋ ದೂರ ದೇಶದಲ್ಲಿದ್ದ. ಆರು ಜನ ಗಂಡಸರು ಈಜಿಕೊಂಡು ಹೋಗಿ ಅಡ್ಡಗಲ್ಲಿನ ಮೇಲೆ ಹತ್ತಿ ಗಳುವನ್ನು ಎಳೆದರು. ಅದು ಅಲ್ಲಾಡಲಿಲ್ಲ. ಮತ್ತೆ ಎಳೆದರು. ಲಟ್ ಅಂತ ಸದ್ದಾಯಿತು. ಅರ್ಧ ಗಳು ಅವರ ಕೈಯಲ್ಲಿ ಉಳಿಯಿತು. ಇನ್ನರ್ಧ ಬಿರಡೆಯ ಜೊತೆ ನೀರೊಳಗೆ ನಿಂತಿತು. ಊರಿನ ಯಜಮಾನ, ಬಿಳಿ ಮೀಸೆಯ ದೊಡ್ಡ ಆಳು, "ಆಯ್ತು, ಮನೆ ಕಾಲಿ ಮಾಡಿ" ಅಂದ.

"ಮೇಲ್ಗಣ್ಣು ಬುಡಿಸ್ದೆ ಕೆಳಗಣ್ಣು ಎತ್ತಿದ್ರೆ ಬಂದದೆಲ್ಲಿ?" ಅಂತ ಒಂದು ದನಿ ಕೇಳಿತು. ಅದು ಅವ್ವನದು ಅಂತ ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಎಲ್ಲರೂ ತಿರುಗಿದರು. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಮುಂದುವರಿಸಿದಳು. "ಈ ತೂಬಿಗೆ ಎರಡು ಕಣ್ಣವೆ. ಕೆಳಗಿಂದು ಬಿರಡೇದು. ಅದಕ್ಕಿಂತ ಎರಡಾಳು ಮೇಲೆ, ಕಂಬ ನಿಂತಿರೋ ಕಲ್ಕಟ್ಟೇಲಿ, ಆ ಬಲಗಡೆ ಕಂಬದ ಬುಡದಲ್ಲಿ, ಇನ್ನೊಂದು ಕಣ್ಣದೆ, ಕಲ್ಲು ಮುಚ್ಚಳ ಹಾಕವ್ರೆ, ಮುಚ್ಚಳಕ್ಕೊಂದು ಕಬ್ಬಿಣದ ಬಳೆ ಅದೆ. ಮೊದಲು ಮೇಲಿಂದು ತೆಗೀಬೇಕು. ಒಳಗಡೆ ಕೊಳವೆಗೆ ನೀರು ನುಗ್ಗಿದ್ರೆ ಕೆಳಗಿನ ಬಿರಡೆ ಮೇಲಿರೋ ಬಿಗಿ ಸಡ್ಲಾಯ್ತದೆ. ಆಗ ಇಬ್ಬರು ಎಳುದ್ರೂ ಬತ್ತದೆ."

ಯಜಮಾನ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನಾನು ಉಟ್ಟಿದ್ದೇ ಈ ಕೆರೆ ದಡದಲ್ಲಿ. ನಂಗೇ ಗೊತ್ತಿಲ್ದಿರೋ ಕಣ್ಣು ನಿಂಗೆಂಗ್ ಗೊತ್ತಮ್ಮ? ನೀನ್ಯಾರ ಪೈಕಿ?"

ಅವ್ವ ಅಪ್ಪನ ಕಡೆ ನೋಡಿದಳು. ಜೈನಮ್ಮ ಪುಟ್ಟನನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದರು, ಬಾಷಾ ಸಾಬರೂ ಇದ್ದರು. ನಾನು ಅಪ್ಪನ ಮುಖ ನೋಡಿದೆ. ಅಷ್ಟು ಹೊತ್ತು ಛತ್ರಿ ಊರಿಕೊಂಡು ನಿಂತಿದ್ದ ಮನುಷ್ಯ, ಛತ್ರಿಯನ್ನು ನನ್ನ ಕೈಗೆ ಕೊಟ್ಟು ಮುಂದೆ ಬಂದರು.

"ನೀರುಗಂಟಿ ಮಗಳು ಕಣಯ್ಯ ಇವಳು. ಆತಗೂರು ಕಡೆಯೋಳು. ಇವರಪ್ಪನೇ ಇಲ್ಲಿ ಬಂದು ಈ ತೂಬು ರಿಪೇರಿ ಮಾಡಿದ್ದು, ಇವಳ್ಗೂ ಎಲ್ಲ ಏಳ್ಕೊಟ್ಟಿದ್ದ. ಇವಳೇಳ್ದಂಗೆ ಮಾಡಿ" ಅಂದರು. ಇಸ್ತ್ರಿ ಮಾತು ಒಂದೂ ಇರಲಿಲ್ಲ.

ಯಜಮಾನನ ಮುಖ ಸಡಿಲವಾಯಿತು. "ಆ ಕುಳ್ಳಕೆ ಮನ್ಸ, ಕಿವೀಲಿ ಒಂಟಿ ಆಕಿದ್ನಲ್ಲ, ಅವನ ಮಗಳಾ?" ಅಂದ. ಅವ್ವ ಹೌದೆಂದು ತಲೆಯಾಡಿಸಿದಳು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಆದರೆ ಇಳಿಯುವವರು ಯಾರು? ಊರಿನಲ್ಲಿ ಆಳಕ್ಕೆ ಮುಳುಗಬಲ್ಲವರು ನಾಲ್ಕು ಜನರಿದ್ದರು, ಆದರೆ ಆ ಕಣ್ಣು ಎಲ್ಲಿದೆ, ಹೇಗಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಹೇಳಿಕೊಟ್ಟು ಕಳಿಸುವಷ್ಟು ಹೊತ್ತೂ ಇರಲಿಲ್ಲ. ತನ್ನಪ್ಪನ ಜೊತೆ ಕೆರೆಗೆ ಇಳಿದೇ ಬೆಳೆದ ಅವ್ವ ಸೀರೆಯನ್ನು ಗಂಡುಗಚ್ಚೆ ಹಾಕಿ ಬಿಗಿದಳು. ಬಳೆ, ಓಲೆ ತೆಗೆದು ಜೈನಮ್ಮನ ಕೈಗೆ ಹಾಕಿದಳು. ಜೈನಮ್ಮ ಅದನ್ನು ಹಿಡಿದುಕೊಂಡು ಅತ್ತರು, ಆದರೆ ಬೇಡ ಅನ್ನಲಿಲ್ಲ.

ಬಾಷಾ ಸಾಬರು ಬಸ್ಸಿನಿಂದ ಎಳೆಯುವ ಹಗ್ಗಗಳನ್ನೂ ಕೆಂಡ ಕೆದಕುವ ಸಲಾಕೆಯನ್ನೂ ತಂದರು. ಒಂದು ಹಗ್ಗವನ್ನು ಅವ್ವನ ಸೊಂಟಕ್ಕೆ ಕಟ್ಟಿ ಅದರ ತುದಿಯನ್ನು ಅಪ್ಪನ ಕೈಗೆ ಕೊಟ್ಟರು. ಅವ್ವ ಅಪ್ಪನಿಗೆ ಹೇಳಿದ ಮಾತು ನನಗೆ ಈಗಲೂ ಅಕ್ಷರ ಅಕ್ಷರ ನೆನಪಿದೆ: "ನಾನು ಎರಡು ಸತಿ ಜಗ್ಗಿದ್ರೆ ಎಳ್ಕಳಿ. ಅಲ್ಲೀ ತನಕ ಯಾರೇನೇ ಅಂದ್ರೂ ಎಳೀಬೇಡಿ. ಎದ್ರಿ ಎಳುದ್ರೆ ಕಲ್ಲು ಸಂದೀಲಿ ಸಿಕ್ಕಾಕತೀನಿ."

ಅವಳು ಈಜಿಕೊಂಡು ಕಂಬಗಳ ಹತ್ತಿರ ಹೋದಳು. ಮೊದಲ ಸಲ ಮುಳುಗಿದಳು, ಬೇಗ ಮೇಲೆ ಬಂದಳು. ಕಣ್ಣು ಸಿಕ್ಕಿದೆ, ಮೇಲೆ ಹೂಳು ಕೂತಿದೆ ಅಂದಳು. ಊರಿನವರು ಆತುರದಿಂದ ಮುಚ್ಚಳದ ಬಳೆಗೆ ಹಗ್ಗ ಕಟ್ಟು ಅಂದರು. ಅವ್ವ ಒಪ್ಪಲಿಲ್ಲ. "ಮೊದಲು ಕೆಳಗಿನ ಮುರುದಿರೋ ಗಳುವಿಗೆ ಕಟ್ಟಬೇಕು. ಮೇಲ್ಗಣ್ಣು ಬುಟ್ಟ ಮೇಲೆ ನೀರು ಸುಳಿ ಆಯ್ತದೆ, ಅಲ್ಲಿಗೆ ಯಾರೂ ಇಳಿಯಂಗಿಲ್ಲ" ಅಂದಳು. ಎರಡನೇ ಸಲ ಹಗ್ಗದ ತುದಿ ಹಿಡಿದು ಆಳಕ್ಕೆ ಹೋಗಿ ಗಳುವಿಗೆ ಕಟ್ಟಿ ಬಂದಳು. ಮೂಗಿನಿಂದ ರಕ್ತ ಬಂದಿತ್ತು. ಕಂಬ ತಬ್ಬಿಕೊಂಡು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. ಆ ಹಗ್ಗವನ್ನು ಅಡ್ಡಗಲ್ಲಿನ ಮೇಲೆ ಹಾಯಿಸಿ ನಾಲ್ಕು ಜನ ಹಿಡಿದರು. ಮೂರನೇ ಸಲ ಹೂಳು ಕೆದಕಲು ಸಲಾಕೆಯನ್ನೂ, ಮುಚ್ಚಳದ ಬಳೆಗೆ ಕಟ್ಟಲು ಇನ್ನೊಂದು ಹಗ್ಗವನ್ನೂ ತೆಗೆದುಕೊಂಡು ಮುಳುಗಿದಳು.

ಈ ಸಲ ಬೇಗ ಬರಲಿಲ್ಲ. ನೀರಿನ ಮೇಲೆ ಗುಳ್ಳೆಗಳು ಎದ್ದವು, ಕೆಸರು ಎದ್ದಿತು. ಆಮೇಲೆ ಗುಳ್ಳೆಯೂ ನಿಂತಿತು. ಪುಟ್ಟ ಅವ್ವ ಎಲ್ಲಿ ಅಂತ ಕೇಳಿದ. ಏರಿಯ ಮೇಲೆ ಯಾರೋ "ಎಳೀರಿ, ಗೌಡ್ರೇ" ಅಂದರು. ಇನ್ನೊಬ್ಬ ಅಪ್ಪನ ಕೈಯಿಂದ ಹಗ್ಗ ಕಸಿಯಲು ಬಂದ. ಅಪ್ಪ ಅವನನ್ನು ಮೊಳಕೈಯಿಂದ ನೂಕಿದರು. ಹಗ್ಗವನ್ನು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡರು, ಕಣ್ಣು ನೀರಿನ ಮೇಲಿಂದ ಕದಲಲಿಲ್ಲ. "ಅವಳು ಎಳೀಬೇಡ ಅಂದವ್ಳೆ" ಅಂತ ಒಂದೇ ಮಾತು, ಮೂರು ನಾಲ್ಕು ಸಲ. ನಾನು ಛತ್ರಿಯನ್ನು ಎದೆಗವಚಿಕೊಂಡು ಅಪ್ಪನನ್ನೇ ನೋಡುತ್ತಿದ್ದೆ. ಹಾಗೆ ಕಾಯುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅನ್ನುವುದು ನಾನು ತಾಯಿಯಾದ ಮೇಲೆ ತಿಳಿಯಿತು.

ಹಗ್ಗ ಎರಡು ಸಲ ಜಗ್ಗಿತು. ಅಪ್ಪ ಎಳೆದುಕೊಂಡ ರಭಸಕ್ಕೆ ಹಿಂದಕ್ಕೆ ಬಿದ್ದರು. ಅವ್ವ ಮೇಲೆ ಬಂದಳು, ಕೆಮ್ಮುತ್ತಾ, ಬೆರಳುಗಳೆಲ್ಲ ತರಚಿಕೊಂಡು. ಏರಿಗೆ ಹತ್ತಿದ ಮೇಲೂ ನಿಲ್ಲದೆ, ಸನ್ನೆಯಲ್ಲೇ ಮುಚ್ಚಳದ ಹಗ್ಗ ಎಳೆಯಿರಿ ಅಂದಳು. ಹತ್ತು ಜನ ಎಳೆದರು. ನೀರೊಳಗೆ ಕಲ್ಲು ಕಲ್ಲಿಗೆ ಉಜ್ಜಿದ ಸದ್ದು ಕಾಲ ಕೆಳಗೆ ತಿಳಿಯಿತು. ಕಂಬದ ಪಕ್ಕದಲ್ಲಿ ನೀರು ಗಿರ್ರನೆ ಸುತ್ತಿ ಒಂದು ಕುಣಿಕೆಯಂತೆ ಒಳಗಿಳಿಯಿತು. ಅವ್ವ ಕೈಯೆತ್ತಿ ತಡೆದಳು, ಸ್ವಲ್ಪ ಹೊತ್ತು ಸುಳಿಯನ್ನೇ ನೋಡಿದಳು, ಆಮೇಲೆ "ಈಗ" ಅಂದಳು. ನಾಲ್ಕು ಜನ ಕೆಳಗಿನ ಹಗ್ಗ ಎಳೆದರು. ಆರು ಜನಕ್ಕೆ ಅಲ್ಲಾಡದ ಬಿರಡೆ, ಕಳೆ ಕಿತ್ತ ಹಾಗೆ ಬಂತು. ಏರಿಯ ಆಚೆ ಕಾಲುವೆಯ ಬಾಯಿಂದ ಕೆಂಪು ನೀರು ಗೂಳಿಯ ಹಾಗೆ ನುಗ್ಗಿತು.

ಸಂಜೆಯಾಗುವ ಹೊತ್ತಿಗೆ ಕೆರೆ ಒಂದು ಮೊಳ ಇಳಿದಿತ್ತು. ಏರಿಯ ಬುಡದಲ್ಲಿ ಮಣ್ಣು ಮೂಟೆ, ಹುಲ್ಲು, ತೆಂಗಿನಗರಿ ತುಂಬಿ ತೂತು ಮುಚ್ಚಿದರು. ಹೆಂಗಸರು ದನಗಳನ್ನು ವಾಪಸ್ಸು ಹೊಡೆದುಕೊಂಡು ಬಂದರು. ಜೈನಮ್ಮ ತಮ್ಮ ಬುರ್ಖಾವನ್ನು ಹಿಡಿದು ಮರೆ ಮಾಡಿ, ಊರಿನವರು ಕೊಟ್ಟ ಒಣಗಿದ ಸೀರೆಯನ್ನು ಅವ್ವನಿಗೆ ಉಡಿಸಿದರು. ಯಜಮಾನ ಅವ್ವನ ಮುಂದೆ ಬಂದು ಕೈಮುಗಿದು, "ಊಟ ಮಾಡ್ಕಂಡೋಗವ್ವ" ಅಂದ. ಬಿಸಿ ಮುದ್ದೆ, ಉಪ್ಪೆಸರು. ಊರಿನ ಹಿರಿಯರ ಸಾಲಿನಲ್ಲಿ ಅವ್ವನನ್ನು ಮೊದಲು ಕೂರಿಸಿದರು.

ಊಟ ಮುಗಿಸಿ ವಾಪಸ್ಸು ಬಸ್ಸು ಹತ್ತಿದೆವು. ಮದ್ದೂರು ಹತ್ತಿರ ಬಂದಾಗ ಜೈನಮ್ಮ ಅವ್ವನ ಕೈಗೆ ಬಳೆ ತೊಡಿಸುತ್ತಾ, "ಅಲ್ಲಕ್ಕ, ನೀವು ಪಟೇಲರ ಮಗಳು ಅಂತ ನಾನು ತಿಳ್ಕೊಂಡಿದ್ನಲ್ಲ" ಅಂದರು.

ಅವ್ವ ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನಿಂದ ಅಪ್ಪ, ತಿರುಗದೆ, "ನಾನು ಸುಳ್ಳೇಳಿದ್ದೆ ಕಣಮ್ಮ. ಅವಳು ಏಳ್ಲಿಲ್ಲ" ಅಂದರು. ಸಾಬರು ಸ್ಟೀರಿಂಗು ಹಿಡಿದುಕೊಂಡೇ, "ಪಟೇಲ್ರು ಊರೂರಿಗೆ ಸಿಗ್ತಾರೆ ಗೌಡ್ರೇ. ಇಂಥೋರು ಎಲ್ಲಿ ಸಿಗ್ತಾರೆ?" ಅಂದರು. ಅಪ್ಪ ಎದ್ದು ಬಂದು, ಹುಣ್ಣಾಗಿದ್ದ ಅವ್ವನ ಬೆರಳುಗಳನ್ನು ತಮ್ಮ ಕರವಸ್ತ್ರದಲ್ಲಿ ಸುತ್ತಿ, ಅವಳ ಪಕ್ಕದಲ್ಲಿ ಕೂತರು. ಬೇರೆಯವರ ಎದುರಿಗೆ ಅವರಿಬ್ಬರು ಪಕ್ಕಪಕ್ಕ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ಮಳೆಗಾಲದಲ್ಲಿ ಇನ್ನೂ ಎರಡು ಸಲ ಅವ್ವನನ್ನು ಕರೆಯಲು ಕೋಟೆಕೆರೆಯಿಂದ ಗಾಡಿ ಬಂತು. ಅಪ್ಪ ಕಾರ್ಖಾನೆಗೆ ರಜೆ ಚೀಟಿ ಬರೆದು ಅವ್ವನ ಜೊತೆ ಹೋದರು. ಹಗ್ಗ ಅವರೇ ಹಿಡಿಯಬೇಕಂತೆ, ಬೇರೆ ಯಾರನ್ನೂ ನಂಬುವುದಿಲ್ಲವಂತೆ. ಹೊಸ ಬಿರಡೆಗೆ ಯಾವ ಮರ, ಎಷ್ಟು ಮೊನೆ ಅಂತ ಅವ್ವ ಬಡಗಿಯ ಪಕ್ಕದಲ್ಲಿ ಕೂತು ಕೆತ್ತಿಸಿದಳು. ಪಟಾಲಮಿಗೆ ಹೋಗಿದ್ದ ಆ ನೀರುಗಂಟಿ ಮಗನ ಹೆಂಡತಿ ಕಾಳಮ್ಮ ಗಟ್ಟಿ ಹೆಂಗಸು, ನೀರಿನ ಭಯವಿಲ್ಲದವಳು. ಅವ್ವ ಅವಳಿಗೆ ಎರಡೂ ಕಣ್ಣುಗಳ ಕೆಲಸ ಕಲಿಸಿಕೊಟ್ಟಳು. ಗಂಡ ವಾಪಸ್ಸು ಬಂದ ಮೇಲೂ ಆ ಕೆರೆಯ ನೀರನ್ನು ಕಾಳಮ್ಮನೇ ನೋಡಿಕೊಂಡಳಂತೆ. ಇತ್ತ ನಮ್ಮ ಬೀದಿಯಲ್ಲಿ ಸುದ್ದಿ ತಿಳಿಯದೆ ಇರಲಿಲ್ಲ. ಮೊದಲು ಒಂದಿಬ್ಬರು ಅಪ್ಪನನ್ನು ನೋಡಿ ನಕ್ಕರು. ಅಪ್ಪ ಅವರನ್ನು ಮನೆಗೆ ಕರೆದು ಕೂರಿಸಿ, ಇಡೀ ಕಥೆಯನ್ನು ಶುರುವಿನಿಂದ ಹೇಳಿದರು. ಆಮೇಲೆ ಅದನ್ನು ಯಾರು ಬಂದರೂ ಹೇಳುವುದು ಅವರ ಅಭ್ಯಾಸವಾಯಿತು, ಅವ್ವನೇ ಬೇಸತ್ತು "ಸಾಕು ಬುಡಿ" ಅನ್ನುವಷ್ಟು. ನಾನು ಪರೀಕ್ಷೆ ಪಾಸು ಮಾಡಿದೆ.

ಬೇಸಿಗೆ ರಜಕ್ಕೆ ಅವ್ವ ನನ್ನನ್ನು ಕೋಟೆಕೆರೆಗೆ ಕರೆದುಕೊಂಡು ಹೋಗಿ ಕಾಳಮ್ಮನ ಮನೆಯಲ್ಲಿ ಹತ್ತು ದಿನ ಇಟ್ಟುಕೊಂಡು ಈಜು ಕಲಿಸಿದಳು. ಹೊಟ್ಟೆಗೆ ಕೈಕೊಟ್ಟು ತೇಲಿಸಿದಳು, ಆಮೇಲೆ ಕೈ ತೆಗೆದಳು, ಆಮೇಲೆ ಉಸಿರು ಬಿಗಿಹಿಡಿದು ಮುಳುಗುವುದನ್ನು ಹೇಳಿಕೊಟ್ಟಳು. ನೀರು ಇಳಿದು ಕಂಬಗಳು ಅರ್ಧ ಬಯಲಾಗಿದ್ದವು. ಕೊನೆಯ ದಿನ ಅವ್ವ, "ಸಣ್ಣಿ, ನಿಂಗೊಂದು ತೋರುಸ್ತೀನಿ. ನಾನು ಯಾರ್ಗೂ ಏಳಿಲ್ಲ" ಅಂದಳು. ನನ್ನ ಕೈ ಹಿಡಿದು ಮುಳುಗಿದಳು. ಬಲಗಡೆ ಕಂಬದ ಬುಡದಲ್ಲಿ, ಮೇಲ್ಗಣ್ಣಿನ ಮುಚ್ಚಳದ ಅಂಚಿನ ಕೆಳಗೆ, ಕಲ್ಲಿನ ಒಳಮೈಗೆ ನನ್ನ ಬೆರಳುಗಳನ್ನು ಒತ್ತಿದಳು. ಅಲ್ಲೇನೋ ಉಬ್ಬಿತ್ತು. ಹೆಬ್ಬೆಟ್ಟಿನಷ್ಟು. ನಾನು ಸವರಿದೆ. ದುಂಡಗಿನ ಬೆನ್ನು, ಬೆನ್ನ ಮೇಲೆ ಸಣ್ಣ ಸಣ್ಣ ಗೆರೆ, ನಾಲ್ಕು ಕಾಲು, ಚಾಚಿದ ಕತ್ತು. ಕಲ್ಲಿನಲ್ಲಿ ಕೆತ್ತಿದ ಒಂದು ಆಮೆ.

ಮೇಲೆ ಬಂದು ಕಂಬ ಹಿಡಿದುಕೊಂಡು ಇಬ್ಬರೂ ಉಸಿರು ತೆಗೆದುಕೊಂಡೆವು. "ಕೆರೆ ತುಂಬಿದ್ರೂ ಕಾಣಾಕಿಲ್ಲ, ಬತ್ತಿದ್ರೂ ಕಾಣಾಕಿಲ್ಲ, ಕಲ್ಲಿನ ಒಳಗಡಿಕ್ಕದೆ" ಅಂದಳು ಅವ್ವ. "ಯಾವನೋ ಯಾರ್ಗೂ ಕಾಣ್ದಿರೋ ಜಾಗದಲ್ಲಿ ಕುಂತ್ಕಂಡು ಕಾಲು, ಬೆನ್ನು, ಎಲ್ಲ ನೀಟಾಗಿ ಮಾಡವ್ನೆ. ಅವತ್ತು ಕೆಳಗಡೆ ನಂಗೆ ಉಸಿರು ಮುಗುದೋಗಿತ್ತು ಸಣ್ಣಿ. ಮುಚ್ಚಳದ ಬಳೆ ಸಿಗ್ತಿರಲಿಲ್ಲ. ಬುಟ್ಟು ಮೇಲಕ್ಕೆ ಬಂದ್ಬುಡಣ ಅಂತಿದ್ದೆ. ಆಗ ಇದು ಕೈಗೆ ಸಿಕ್ತು. ಇಷ್ಟು ಮಾಡಿರೋನು ಬಳೆ ಇಲ್ಲೇ ಪಕ್ಕದಲ್ಲೇ ಮಡಗಿರ್ತಾನೆ ಅಂತ ಇನ್ನೊಂದು ಗಳಿಗೆ ನಿಂತೆ."

ಬಳೆ ಅಲ್ಲೇ, ಆಮೆಯ ಕತ್ತು ಚಾಚಿದ ಕಡೆಗೇ, ಒಂದು ಗೇಣು ದೂರದಲ್ಲಿತ್ತು.